ಹಿರಿಯರ ಕೈಗೆ ಯಾವ ಪುಸ್ತಕ?

ವೈಶಾಖ ಮಾಸದಲ್ಲಿ ಅಂಕೋಲೆಯ ಕಡೆಗೆ ಹೋದವರಿಗೆ ಕರಿ ಇಶಾಡು ಮಾವಿನ ಹಣ್ಣಿನ ಪರಿಚಯವಾಗದೆ ಇರಲಾರದು. ಅದರ ಸಿಪ್ಪೆ ತೆಳುವು, ತಿರುಳು ಹೇರಳ, ರುಚಿಯಂತೂ ಹೇಳತೀರದು. ಆದರೆ ಬಹುದಿನ ಇಟ್ಟುಕೊಂಡರೆ ಉಳಿಯುವ ಹಣ್ಣು ಅದಲ್ಲ. ಆದುದರಿಂದ ಯಾರ ಹಿತ್ತಲಲ್ಲಿ ಮರ ಹಣ್ಣಾಯಿತೋ ಅವರು ನೆರೆಮನೆಗೆ ನಾಲ್ಕು, ನೆಂಟರ ಮನೆಗೆ ಎಂಟು ಎಂದು ಹಂಚಿಯೇ ತಾವು ತಿನ್ನುವರು. ಹಣ್ಣನ್ನು ಕೊಡುವಾಗ, ಇದನ್ನು ಈ ದಿನವೇ ತಿನ್ನಿರಿ, ಇದು ಇನ್ನೂ ಎರಡು ದಿನ ತಾಳಲಿ ಎಂದು ಒಂದು ಮಾತನ್ನೂ ಸೇರಿಸುವರು. ಹಣ್ಣಿಗಿಂತ ಆ ಮಾತಿನಲ್ಲಿಯೇ ಹೆಚ್ಚಿನ ಅಕ್ಕರೆ ಇರುವುದೆಂದು ನಮಗೆ ಎಷ್ಟೋ ಸಲ ತೋರಿದೆ.

ಒಳ್ಳೆಯ ಪುಸ್ತಕವೊಂದು ಕೈಗೆ ಬಂದಾಗ ನಾವು ಹೀಗೆ ಮಾಡುತ್ತೇವೆಯೇ? ಓದಿ ಸಂತೋಷಪಟ್ಟವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದುಂಟು. ಇಲ್ಲವೆ ನಾಲ್ಕು ಜನ ಕೂಡಿದಲ್ಲಿ ಅದರ ಹೆಸರನ್ನು ಹೇಳಿ, ತಾವು ಓದಿದ್ದೇವೆಂಬುದನ್ನು ಮಾತ್ರ ತಿಳಿಯಪಡಿಸುವುದುಂಟು. ಇಂಥವರು ಇದನ್ನು ಓದಿದರೆ ಅವರಿಗೆ ಹಿತವಾದೀತೆಂದು ಯೋಚಿಸಿ, ಅವರ ಮನೆಯವರೆಗೆ ಒಯ್ದು ಕೊಡುವವರು ವಿರಳ. ಈ ವಿಷಯದಲ್ಲಿ ವಾಚಕರೊಡನೆ ಕೆಲವು ಮಾತುಗಳನ್ನಾಡಬೇಕೆಂದು ನಮ್ಮ ಬಯಕೆ.

ಕಾರವಾರ ಅಂಕೋಲೆಗಳಲ್ಲಿ ವಿದ್ಯೆಗೆ ಕೊರತೆಯೆಂದು ಯಾರೂ ಹೇಳಲಾರರು. ಮನೆಮನೆಗಳಲ್ಲಿ ಪದವೀಧರರಿದ್ದಾರೆ. ಆದರೂ ಮನೆಯ ಪುಸ್ತಕಗಳನ್ನು ಎಣಿಸಹೋದರೆ ಮಕ್ಕಳ ಪಠ್ಯಪುಸ್ತಕ, ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗ, ಬ್ಯಾಂಕಿನ ಪಾಸ್‌ಬುಕ್ಕು, ದೇವರ ಮನೆಯಲ್ಲೊಂದು ಸ್ತೋತ್ರದ ಹೊತ್ತಗೆ ಇವಿಷ್ಟೇ ಕಾಣುತ್ತವೆ. ಮಕ್ಕಳಿಗೆ, ಓದಿರಿ, ಓದಿರಿ ಎಂದು ದಿನಕ್ಕೆ ಹತ್ತು ಸಲ ಹೇಳುವ ತಂದೆ, ಪರೀಕ್ಷೆ ಮುಗಿದ ದಿನವೇ ತಾನು ಓದನ್ನು ನಿಲ್ಲಿಸಿದವನು. ಓದೆಂಬುದು ಒಂದು ವಯಸ್ಸಿನಲ್ಲಿ ಬಂದು ಹೋಗುವ ದಡಾರವಿದ್ದಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಇದು ತಪ್ಪು. ಹತ್ತು ವರ್ಷದ ಹುಡುಗನಿಗೆ ಪುಸ್ತಕ ಬೇಕಾಗುವುದಕ್ಕಿಂತ ಐವತ್ತು ವರ್ಷದ ಗೃಹಸ್ಥನಿಗೆ ಅದು ಹೆಚ್ಚಾಗಿ ಬೇಕು. ಏಕೆಂದರೆ ಹುಡುಗನ ಸಂದೇಹಗಳಿಗೆ ಉತ್ತರ ಹೇಳಲು ಮನೆಯಲ್ಲಿ ಹಿರಿಯರಿದ್ದಾರೆ. ಹಿರಿಯರ ಸಂದೇಹಗಳನ್ನು ಕೇಳುವವರು ಯಾರು?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಅವಶ್ಯ. ಕಾರವಾರದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ರಾಯರೊಬ್ಬರಿದ್ದಾರೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸರಕಾರದ ನೌಕರಿ ಮಾಡಿ ನಿವೃತ್ತರಾದವರು. ಅವರ ಮಡದಿಯದು ಕಾರವಾರ ಅಂಕೋಲೆಗಳ ನಡುವಣ ಕಡಲ ತೀರದ ಹಳ್ಳಿಯ ತವರು. ನೌಕಾನೆಲೆಗಾಗಿ ನೆಲವನ್ನು ಸ್ವಾಧೀನಪಡಿಸಿಕೊಂಡಾಗ ಆ ಕಡೆಯ ಹಲವು ಹಳ್ಳಿಗಳ ಕುಟುಂಬಗಳು ಮನೆ, ಗದ್ದೆ, ತೆಂಗುಗಳನ್ನು ಬಿಟ್ಟು ಬೇರೆಡೆಗೆ ಹೋದದ್ದನ್ನು ಜಿಲ್ಲೆಯವರೆಲ್ಲ ಬಲ್ಲರು. ಆ ನೆಲೆ ೨೦೦೫ರಲ್ಲಿ ಕಾರ್ಯಾರಂಭ ಮಾಡಿತು. ಅವರ ತವರುಮನೆಯೂ ಹಾಗೆ ಹೋದವುಗಳಲ್ಲೊಂದು. ಈಚೆಗೆ ಆ ತಾಯಿಗೆ ಕಣ್ಣಿನ ದೃಷ್ಟಿಯೂ ಮಂದವಾಗಿದೆ.

ನಿವೃತ್ತರಾದ ಹೊಸದರಲ್ಲಿ ರಾಯರು ನಮ್ಮಲ್ಲಿಗೆ ಬಂದು, “ಹೊತ್ತು ಹೋಗುವುದಿಲ್ಲ, ಓದುವುದಕ್ಕೆ ಏನಾದರೂ ಒಳ್ಳೆಯದನ್ನು ಕೊಡಿರಿ” ಎಂದರು. ನಾವು ಒಂದು ಕ್ಷಣವೂ ಯೋಚಿಸದೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಅವರ ಕೈಯಲ್ಲಿಟ್ಟೆವು. ೧೯೭೯ರಲ್ಲಿ ಪ್ರಕಟವಾದ ಈ ಕಾದಂಬರಿ ಕನ್ನಡದ ಶ್ರೇಷ್ಠ ಕೃತಿಗಳಲ್ಲೊಂದು. ಅದರಲ್ಲಿ ಸಂಶಯವಿಲ್ಲ. ಆದರೆ ನಾವು ಅದನ್ನು ಕೊಟ್ಟದ್ದು ರಾಯರನ್ನು ನೋಡಿ ಅಲ್ಲ. ಅಂಥ ಕಠಿಣವಾದ ಪುಸ್ತಕವನ್ನು ನಾವು ಓದಿ ಮೆಚ್ಚಿದ್ದೇವೆಂಬ ಹೆಮ್ಮೆಯಿಂದ ಕೊಟ್ಟೆವು. ಮೂರು ತಿಂಗಳಾದ ಮೇಲೆ ಪುಸ್ತಕ ಹಳೆಯ ವರ್ತಮಾನಪತ್ರದಲ್ಲಿ ಅಚ್ಚುಕಟ್ಟಾಗಿ ಸುತ್ತಿಕೊಂಡು ಹಿಂದಿರುಗಿ ಬಂತು. “ಮೂವತ್ತು ಪುಟ ಓದಿದೆ. ಆಫೀಸಿನ ವಿಚಾರಣೆ, ಮೇಲಧಿಕಾರಿಗಳ ಕಾಟ ಇವನ್ನೆಲ್ಲ ಈಗಷ್ಟೇ ಬಿಟ್ಟು ಬಂದಿದ್ದೇನೆ. ಮತ್ತೆ ಅದರಲ್ಲೇ ನನ್ನನ್ನು ನೂಕುತ್ತೀರಲ್ಲ!” ಎಂದು ರಾಯರು ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ಓದು ಇನ್ನು ನನ್ನಂಥವರಿಗೆ ಅಲ್ಲವೆಂದು ತೋರುತ್ತದೆ” ಎಂದು ನುಡಿದರು.

ಈ ಕಡೆಯ ಮಾತು ನಮ್ಮನ್ನು ಚುಚ್ಚಿತು. ನಮ್ಮ ಆಯ್ಕೆ ತಪ್ಪಿದ್ದಕ್ಕೆ ಅವರು ತಮ್ಮನ್ನೇ ದೂರಿಕೊಂಡಿದ್ದರು. ಹೊಂದದ ಪುಸ್ತಕವನ್ನು ಕೊಡುವುದು ನಿರಪಾಯವಾದ ಸಂಗತಿಯೆಂದು ಯಾರೂ ತಿಳಿಯಬಾರದು. ಬಹುದಿನಗಳ ಮೇಲೆ ಓದಹೊರಟ ಹಿರಿಯರು ಒಮ್ಮೆ ಎಡವಿದರೆ ಎರಡನೆಯ ಸಲ ಹೊರಡುವುದು ಅಪರೂಪ. ಅಂದಿನಿಂದ ನಾವು, ಯಾವುದು ಶ್ರೇಷ್ಠ ಪುಸ್ತಕವೆಂದು ಕೇಳುವ ಮೊದಲು, ಕೇಳುತ್ತಿರುವವರು ಯಾರು, ಅವರ ಮನೆಯಲ್ಲಿ ಈಗ ಏನು ನಡೆದಿದೆ ಎಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡಿದ್ದೇವೆ. ಕೆಳಗೆ ಹೇಳುವ ಪುಸ್ತಕಗಳನ್ನು ಈ ದೃಷ್ಟಿಯಿಂದಲೇ ಆರಿಸಿದೆ. ಅವುಗಳಲ್ಲಿ ಬಹಳಷ್ಟು ನಮ್ಮ ಕಡಲ ತೀರದವು; ಕೆಲವು ನೆರೆಯವು.

ಮೊದಲು ಕಾರವಾರದಲ್ಲಿಯೇ ಹುಟ್ಟಿದ ಒಂದು ಕೃತಿಯನ್ನು ಹೇಳಬೇಕು. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಅವರ ಅಣ್ಣ ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸನ್ನು ಸೇರಿದ ಭಾರತೀಯರಲ್ಲಿ ಮೊದಲಿಗರು. ಆ ಕಾಲದಲ್ಲಿ ಕಾರವಾರದ ನ್ಯಾಯಾಧೀಶರಾಗಿದ್ದರು. ೧೯೧೨ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ ಎಂಬ ತಮ್ಮ ಆತ್ಮವೃತ್ತದಲ್ಲಿ ರವೀಂದ್ರರು ಗುಡ್ಡಗಳು ಸುತ್ತುವರಿದ ಈ ಬಂದರವನ್ನೂ, ತೀರದ ಗಾಳಿಮರದ ತೋಪನ್ನೂ, ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿಬಂದುದನ್ನೂ ಮನಸಾರೆ ವರ್ಣಿಸಿದ್ದಾರೆ. ಕಾರವಾರದವರಾಗಿ ಆ ಅಧ್ಯಾಯವನ್ನು ಓದದಿರುವುದು, ನಮ್ಮ ಮನೆಗೆ ಬಂದುಹೋದ ಅತಿಥಿ ಬರೆದ ಕಾಗದವನ್ನು ಬಿಚ್ಚದೆ ಇಟ್ಟಂತೆಯೇ ಸರಿ.

ಇಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದು ೧೮೮೪ರಲ್ಲಿ ಅಚ್ಚಾಯಿತು. ಸಂನ್ಯಾಸಿಯೊಬ್ಬನು ಲೋಕದ ಬಂಧನಗಳನ್ನೆಲ್ಲ ಹರಿದುಕೊಂಡು, ಪ್ರಕೃತಿಯನ್ನು ಗೆದ್ದೆನೆಂದು ಬೀಗುತ್ತಿರುತ್ತಾನೆ. ಎಲ್ಲರಿಂದಲೂ ದೂರ ಮಾಡಲ್ಪಟ್ಟ ಒಬ್ಬ ಅನಾಥ ಬಾಲಿಕೆಯ ಅಕ್ಕರೆ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕ ಪೀಠಿಕೆಯಂತಿದೆಯೆಂದು ಕವಿಗಳು ತಾವೇ ಹೇಳಿದ್ದಾರೆ. ಮಕ್ಕಳ ಮದುವೆ, ಆಸ್ತಿಯ ಜಗಳ, ಮೈಯ ಬೇನೆ ಇವುಗಳಿಂದ ಬೇಸತ್ತು, ಎಲ್ಲವನ್ನೂ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣವೆಂದು ಅನ್ನಿಸದ ಗೃಹಸ್ಥನಿಲ್ಲ. ಅಂಥ ಹೊತ್ತಿನಲ್ಲಿ ಈ ಕಿರಿಯ ನಾಟಕವನ್ನು ಓದುವುದು ಹಿತಕರ. ಅದರಲ್ಲಿ ಉಪದೇಶವಿಲ್ಲ. ಬಿಟ್ಟು ಹೋದವನಿಗೆ ಏನು ತಪ್ಪಿಹೋಗುತ್ತದೆಂಬುದನ್ನು ಅದು ಕಣ್ಣೆದುರಿಗೆ ತರುತ್ತದೆ, ಅಷ್ಟೇ.

ಇನ್ನು ನೆಲವನ್ನು ಕಳೆದುಕೊಂಡವರಿಗೆ, ನೆಲವಿದ್ದೂ ಅದನ್ನು ಮರೆತವರಿಗೆ, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಇದು ೧೯೪೧ರಲ್ಲಿ ಹೊರಬಂದಿತು. ಕೋಟದ ಬಳಿಯ ಕೋಡಿಯೆಂಬ ಹಳ್ಳಿಯಲ್ಲಿ, ಒಂದು ಕಡೆ ಸಮುದ್ರ ಒಂದು ಕಡೆ ನದಿ ಇರುವ ನೆಲದಲ್ಲಿ, ಒಂದೇ ಮನೆತನದ ಮೂರು ತಲೆಮಾರುಗಳ ಕಥೆ. ಅಜ್ಜ ರಾಮ ಐತಾಳರು ಪೌರೋಹಿತ್ಯ, ಬೇಸಾಯಗಳಲ್ಲಿ ದಿನ ಕಳೆದವರು. ಮಗ ಲಚ್ಚನು ಇಂಗ್ಲಿಷು ಕಲಿತು ಕೆಟ್ಟವನು. ಮೊಮ್ಮಗ ರಾಮನು ಮದರಾಸು ಮುಂಬಯಿಗಳನ್ನು ಕಂಡು ಮರಳಿ ಮಣ್ಣಿಗೆ ಬಂದವನು. ಆದರೆ ಆ ಮನೆಯನ್ನು ಎತ್ತಿ ಹಿಡಿದವರು ಪಾರೋತಿ, ಸರಸೋತಿ, ನಾಗವೇಣಿ ಮೊದಲಾದ ಹೆಂಗಸರು. ಮಳೆಗಾಲಕ್ಕೆಂದು ಸೌದೆ ಕೂಡಿಡುವುದು, ಗದ್ದೆಯ ಕೆಲಸ, ಉಪ್ಪುನೀರಿನ ಭಯ ಇವೆಲ್ಲವನ್ನೂ ನಮ್ಮ ಗೃಹಿಣಿಯರು ಓದುತ್ತಲೇ ಗುರುತಿಸುವರು.

ಎರಡನೆಯ ಸಲ ನಾವು ರಾಯರಿಗೆ ಕೊಟ್ಟದ್ದು ಇದೇ ಪುಸ್ತಕ. ಈ ಸಲ ಒಂದು ಮಾತನ್ನೂ ಸೇರಿಸಿದೆವು: “ನೀವೊಬ್ಬರೇ ಓದಬೇಡಿರಿ, ಮನೆಯಲ್ಲಿ ಓದಿ ಹೇಳಿರಿ.” ಅವರ ಮನೆಮಾತು ಕೊಂಕಣಿ. ಆ ತಾಯಿ ಕನ್ನಡವನ್ನು ಆಡಬಲ್ಲರು, ಕೇಳಬಲ್ಲರು. ಪುಸ್ತಕದ ಕನ್ನಡವನ್ನು ಎಂದೂ ಹಚ್ಚಿಕೊಂಡವರಲ್ಲ. ಆಷಾಢದ ಮಳೆ ಹಿಡಿದಿತ್ತು. ದಿನಾಲು ಸಂಜೆ ದೀಪ ಹಚ್ಚಿದ ಮೇಲೆ ಹತ್ತು ಹತ್ತು ಪುಟ ಓದುವುದೆಂದು ಗೊತ್ತಾಯಿತು. ಒಂದು ದಿನ ಕಡಲಿನ ಮೊರೆತದ ಮಾತು ಬಂದಾಗ ಆ ತಾಯಿ, “ಇವತ್ತಿಗೆ ಸಾಕು” ಎಂದರಂತೆ. ಮೊದಲಿನ ಪುಸ್ತಕದಂತೆ ಇದೂ ನಿಂತಿತೆಂದು ರಾಯರು ಭಾವಿಸಿದರು. ಮರುದಿನ ಸಂಜೆ ಅವರೇ ಚಾಪೆ ಹಾಸಿಕೊಂಡು ಕುಳಿತು, ಓದಿಗೆ ಮೊದಲು ತಮ್ಮ ತವರುಮನೆಯ ಕಥೆಯನ್ನು ಹೇಳತೊಡಗಿದರು. ಅಂಗಳದಿಂದ ಕಡಲಿಗೆ ಎಷ್ಟು ಹೆಜ್ಜೆ, ಬಾವಿಯ ನೀರು ಯಾವ ತಿಂಗಳಲ್ಲಿ ಉಪ್ಪಾಗುತ್ತಿತ್ತು, ಕಡೆಯ ದಿನ ತುಳಸಿಕಟ್ಟೆಯನ್ನು ಏನು ಮಾಡಿದರು ಎಂಬುದನ್ನೆಲ್ಲ ಮದುವೆಯಾಗಿ ನಾಲ್ವತ್ತು ವರ್ಷಗಳ ಮೇಲೆ ಮೊದಲ ಸಲ ಕೇಳಿದೆನೆಂದು ರಾಯರು ನಮ್ಮೆದುರಿಗೆ ಹೇಳುವಾಗ ಅವರ ಕಣ್ಣು ತೇವವಾಗಿತ್ತು. ಕಳೆದ ನೆಲವನ್ನು ಪುಸ್ತಕವು ಮರಳಿ ಕೊಡಲಾರದು. ಅದರ ವಿಷಯವಾಗಿ ಬಾಯಿ ತೆರೆಯುವಂತೆ ಮಾಡಬಲ್ಲದು. ಇದೇನು ಸಣ್ಣ ಉಪಕಾರವೇ?

ಮನೆಯಲ್ಲಿ ಅಜ್ಜಿಯಿದ್ದರೆ, ಅಥವಾ ಅಜ್ಜಿಯ ನೆನಪಿದ್ದರೆ, ಅದೇ ಕಾರಂತರ ‘ಮೂಕಜ್ಜಿಯ ಕನಸುಗಳು’ ತಪ್ಪಬಾರದು. ೧೯೬೮ರಲ್ಲಿ ಪ್ರಕಟವಾದ ಈ ಕೃತಿಗೆ ೧೯೭೭ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು. ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿ. ಎದುರಿಗೆ ಮೊಮ್ಮಗ ಸುಬ್ರಾಯ. ಒಂದು ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅಜ್ಜಿಗೆ ಕಾಣುತ್ತದೆ. ದೇವರು, ಧರ್ಮ, ಗಂಡುಹೆಣ್ಣಿನ ಸಂಬಂಧ ಇವುಗಳ ಬಗೆಗೆ ಆಕೆ ಅಳುಕಿಲ್ಲದೆ ಮಾತನಾಡುತ್ತಾಳೆ. ಕೆಲವು ಮಾತುಗಳು ಆಚಾರವಂತರಿಗೆ ಕಹಿಯಾದಾವು. ಆದರೆ ಹಿರಿಯರಾದ ಮೇಲೂ ಕಹಿಯನ್ನು ತಾಳಲಾರೆವೆಂದರೆ ಹಿರಿತನಕ್ಕೆ ಅರ್ಥವೇನು? ಇದರ ಜೊತೆಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನೂ ಓದುವುದು ಯುಕ್ತ. ಮಲೆನಾಡಿನ ಬಾಲವಿಧವೆಯೊಬ್ಬಳ ಈ ಜೀವನಕಥೆಯಲ್ಲಿ ಗೋಳಾಟವಿಲ್ಲ, ಆಕ್ರೋಶವಿಲ್ಲ. ಹಾಗಿದ್ದೂ ಪುಸ್ತಕ ಮುಚ್ಚಿದ ಮೇಲೆ ನಮ್ಮ ನಮ್ಮ ಮನೆಗಳಲ್ಲಿ ಹಾಗೆಯೇ ಬಾಳಿ ಹೋದ ಒಬ್ಬಿಬ್ಬರ ಮುಖ ಕಣ್ಣಿಗೆ ಕಟ್ಟುತ್ತದೆ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ‘ಕ್ರೌಂಚಪಕ್ಷಿಗಳು’ ಎಂಬ ಕಥಾಸಂಕಲನಕ್ಕೆ ೨೦೦೯ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆಯಿತು. ಅಡಿಗೆಮನೆಯಲ್ಲಿ ಹೆಂಗಸರು ಹೇಳುವ ಮಾತುಗಳಿಗಿಂತ ಹೇಳದೆ ನುಂಗಿಕೊಂಡ ಮಾತುಗಳು ಎಷ್ಟಿವೆಯೆಂಬುದನ್ನು ಅವರ ಕಥೆಗಳಿಂದ ತಿಳಿಯಬಹುದು. ಗಂಡಸರು ಇದನ್ನು ಅವಶ್ಯವಾಗಿ ಓದಬೇಕೆಂದು ನಮ್ಮ ಸೂಚನೆ.

ಇಡೀ ಕಾದಂಬರಿಗೆ ಪುರಸೊತ್ತಿಲ್ಲವೆನ್ನುವವರು ಬಹಳ. ಅಂಥವರಿಗೆ ಅಂಕೋಲೆಯ ದಿನಕರ ದೇಸಾಯರ ಚುಟುಕಗಳಿವೆ. ೧೯೦೯ರಲ್ಲಿ ಹುಟ್ಟಿ ೧೯೮೨ರಲ್ಲಿ ತೀರಿಕೊಂಡ ಈ ಮಹನೀಯರು ಭಾರತ ಸೇವಕ ಸಮಾಜದಲ್ಲಿ ದುಡಿದರು, ರೈತರ ಪರವಾಗಿ ಹೋರಾಡಿದರು, ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಮೂಲೆಮೂಲೆಗೆ ಶಾಲೆಗಳನ್ನು ತಂದರು, ‘ಜನಸೇವಕ’ ಎಂಬ ವಾರಪತ್ರಿಕೆಯನ್ನು ನಡೆಸಿದರು, ಲೋಕಸಭೆಯಲ್ಲಿಯೂ ಕುಳಿತರು. ಇಷ್ಟೆಲ್ಲ ಮಾಡಿದವರು ತಮಗೆ ಕಂಡ ಸತ್ಯವನ್ನು ನಾಲ್ಕೇ ಸಾಲುಗಳಲ್ಲಿ ಹೇಳುವುದನ್ನು ಕಲಿತಿದ್ದರು. ದೊಡ್ಡವರ ಡಂಭ, ಬಡವರ ಹೊಟ್ಟೆ, ದೇವರ ಹೆಸರಿನ ವ್ಯಾಪಾರ ಯಾವುದನ್ನೂ ಬಿಟ್ಟವರಲ್ಲ. ತಮ್ಮನ್ನೂ ನಗೆಯಾಡಲು ಹಿಂಜರಿದವರಲ್ಲ. ಊಟದ ಹೊತ್ತಿಗೆ ದಿನಕ್ಕೊಂದು ಚುಟುಕವನ್ನು ಮನೆಮಂದಿಗೆ ಓದಿ ಹೇಳುವ ಒಂದು ಕುಟುಂಬವನ್ನು ನಾವು ಬಲ್ಲೆವು. ಅಲ್ಲಿ ಮಕ್ಕಳೂ ಅದಕ್ಕಾಗಿ ಕಾಯುತ್ತಾರೆ.

ಅಂಕೋಲೆಯಿಂದ ದಕ್ಷಿಣಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಬಂಕಿಕೊಡ್ಲ, ಹನೇಹಳ್ಳಿ, ಗೋಕರ್ಣಗಳು. ಈ ಚಿಕ್ಕ ಹರವಿನಲ್ಲಿ ಎಷ್ಟು ಮಂದಿ ಲೇಖಕರು ಬಾಳಿದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಬಂಕಿಕೊಡ್ಲದ ಪ್ರೌಢಶಾಲೆಯಲ್ಲಿ ಬಹುಕಾಲ ಶಿಕ್ಷಕರಾಗಿದ್ದ ಸು. ರಂ. ಎಕ್ಕುಂಡಿಯವರ ‘ಬಕುಲದ ಹೂವುಗಳು’ ೧೯೯೨ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನು ಪಡೆಯಿತು. ಅವರು ಕವಿತೆಯಲ್ಲಿ ಕಥೆ ಹೇಳುವವರು. ಕವಿತೆಯೆಂದರೆ ಅರ್ಥವಾಗದೆಂದು ದೂರ ಸರಿಯುವ ಹಿರಿಯರ ಮುಂದೆ ಎಕ್ಕುಂಡಿಯವರ ಕಥನಕವನವೊಂದನ್ನು ಗಟ್ಟಿಯಾಗಿ ಓದಿರಿ. ಅಂಜಿಕೆ ಅರ್ಧ ಕರಗಿಹೋಗುವುದು.

ಇದೇ ಹರವಿನ ಮಕ್ಕಳು ಮೊದಲಿನಿಂದಲೂ ಮುಂಬಯಿಯ ದಾರಿ ಹಿಡಿದವರು. ಹನೇಹಳ್ಳಿಯಲ್ಲಿ ೧೯೨೮ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಅಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದು, ೨೦೧೪ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯವರಾಗಿಯೇ ಉಳಿದರು. ಆದರೆ ಬರವಣಿಗೆಯಲ್ಲಿ ಹನೇಹಳ್ಳಿಯನ್ನು ಬಿಡಲಿಲ್ಲ. ‘ಶಿಕಾರಿ’ಯ ನಾಗಪ್ಪನು ಹೆಸರಾದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಒಂದು ದಿನ ಅವನ ಮೇಲೆ ಸಂಶಯದ ಕರಿನೆರಳು ಬೀಳುತ್ತದೆ. ಬೇಟೆಯಾಡುವವರು ಯಾರು, ಬೇಟೆ ಯಾವುದು ಎಂಬ ಭಯ ಅವನನ್ನು ಬೆನ್ನಟ್ಟುತ್ತದೆ. ಗೋಕರ್ಣದಲ್ಲಿ ೧೯೫೫ರಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿಯವರು ಕಾಣಿಸುವ ಮುಂಬಯಿ ಬೇರೆ. ಅಲ್ಲಿ ಚಾಳಿನವರು, ಆಸ್ಪತ್ರೆಯ ಕಾವಲಿನವರು, ಸಿನೆಮಾದ ಹಿನ್ನೆಲೆಯಲ್ಲಿ ಹೆಸರಿಲ್ಲದೆ ದುಡಿಯುವವರು ಒಬ್ಬರಿಗೊಬ್ಬರು ನೆಂಟರಾಗುತ್ತಾರೆ. ‘ತೂಫಾನ್ ಮೇಲ್’ ಮೊದಲಾದ ಅವರ ಸಂಕಲನಗಳಲ್ಲಿ ಇಂಥ ಕಥೆಗಳಿವೆ. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ೨೦೧೮ರ ಸಾಲಿನ ದಕ್ಷಿಣ ಏಶಿಯದ ಡಿ.ಎಸ್.ಸಿ. ಸಾಹಿತ್ಯ ಪ್ರಶಸ್ತಿ ದೊರೆಯಿತು. ಮಗನೋ ಮಗಳೋ ದೂರದ ನಗರದಲ್ಲಿದ್ದು, ಅವರು ಫೋನಿನಲ್ಲಿ “ಎಲ್ಲ ಚೆನ್ನಾಗಿದೆ” ಎಂದಷ್ಟೇ ಹೇಳುತ್ತಿರುವ ತಂದೆತಾಯಿಗಳು ಈ ಇಬ್ಬರನ್ನೂ ಓದಬೇಕು. ಮೊದಲು ಕಾಯ್ಕಿಣಿಯವರನ್ನು, ಆಮೇಲೆ ಚಿತ್ತಾಲರನ್ನು. ಈ ಕ್ರಮವನ್ನು ನಾವು ಪೆಟ್ಟು ತಿಂದು ಕಲಿತಿದ್ದೇವೆ.

ಕೈಯಲ್ಲಿ ಹೊಸದಾಗಿ ಹಣ ಓಡಾಡುತ್ತಿರುವ ಮನೆಗಳಿಗೆ ಒಂದು ಪುಸ್ತಕವುಂಟು. ಅಂಕೋಲೆಯಲ್ಲಿ ೧೯೬೨ರಲ್ಲಿ ಹುಟ್ಟಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೆಂಗಳೂರಿನಲ್ಲಿ ಇಕ್ಕಟ್ಟಿನ ಮನೆಯಲ್ಲಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಏಕಾಏಕಿ ಶ್ರೀಮಂತವಾಗುತ್ತದೆ. ಮೊದಲು ಎಲ್ಲರೂ ಕೂಡಿ ಇರುವೆಗಳನ್ನು ಓಡಿಸುತ್ತಿದ್ದವರು, ಬರಬರುತ್ತ ತಮ್ಮ ಸುಖಕ್ಕೆ ಅಡ್ಡ ಬಂದವರನ್ನು ಹೇಗೆ ನೋಡತೊಡಗುತ್ತಾರೆಂಬುದೇ ಕಥೆ. ಪುಸ್ತಕ ಚಿಕ್ಕದು, ಒಂದು ರವಿವಾರದ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹೆಸರಿನ ಮಾತಿಗೆ ಯಾವ ನಿಘಂಟಿನಲ್ಲಿಯೂ ಅರ್ಥ ಸಿಕ್ಕದು. ದಾರ ಸಿಕ್ಕುಗಟ್ಟಿದಂಥ ಸ್ಥಿತಿಗೆ ಒಂದು ಮನೆಯವರು ಕಟ್ಟಿಕೊಂಡ ಮಾತದು. ಮುಗಿದ ಮೇಲೆ ಮನೆಯೊಳಗೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಕ್ಕಿಲ್ಲ. ಅದರಿಂದ ಹಾನಿಯಿಲ್ಲ.

ಪುಸ್ತಕಗಳನ್ನು ಹೇಳಿದ್ದಾಯಿತು. ಕೊಡುವ ರೀತಿಯನ್ನು ಕುರಿತು ಎರಡು ಮಾತು. ಹಿರಿಯರಿಗೆ ಪುಸ್ತಕವನ್ನು ಪಾಠವೆಂದು ಕೊಡಬಾರದು. ಓದಿ ಮುಗಿಸಿದಿರಾ ಎಂದು ವಾರವಾರಕ್ಕೆ ಕೇಳಲೂಬಾರದು. ಒಮ್ಮೆಗೆ ಒಂದೇ ಪುಸ್ತಕವನ್ನು ಕೊಡಬೇಕು. ಏಕೆ ನಿಮಗೇ ಇದನ್ನು ತಂದೆನೆಂಬ ಒಂದು ಮಾತನ್ನು ಅದರೊಡನೆ ಸೇರಿಸಬೇಕು. ಹಿಡಿಸದಿದ್ದರೆ ನಾಚದೆ ಹಿಂದೆ ಕೊಡುವ ಅಧಿಕಾರ ಅವರಿಗಿರಬೇಕು. ದುಃಖದ ಮನೆಗೆ ದುಃಖದ ಪುಸ್ತಕವನ್ನು ಕೂಡಲೇ ಒಯ್ಯಬಾರದು. ಆರು ತಿಂಗಳು ಕಳೆದ ಮೇಲೆ ಅದೇ ಪುಸ್ತಕ ಔಷಧವಾದೀತು. ಇನ್ನು, ಓದದೆ ಇರುವ ಪುಸ್ತಕವನ್ನು ಇನ್ನೊಬ್ಬರಿಗೆ ಹೊಗಳುವುದು, ರುಚಿ ನೋಡದ ಹಣ್ಣನ್ನು ಸಿಹಿಯೆಂದು ಮಾರಿದಂತೆ.

ಹಣದ ಅಡಚಣೆಯನ್ನು ಹೇಳುವವರಿಗೆ ಸಾರ್ವಜನಿಕ ಗ್ರಂಥಾಲಯವಿದೆ. ಕರ್ನಾಟಕದಲ್ಲಿ ೧೯೬೫ರಲ್ಲಿಯೇ ಗ್ರಂಥಾಲಯಗಳಿಗಾಗಿ ಕಾಯದೆಯಾಗಿದ್ದು, ನಾವು ತೆರುವ ಮನೆಯ ಕರದೊಡನೆ ಗ್ರಂಥಾಲಯದ ಕರವೂ ಸೇರಿದೆ. ಹಣವನ್ನು ಕೊಟ್ಟೂ ಪುಸ್ತಕವನ್ನು ತಾರದಿರುವುದು ಯಾವ ಜಾಣತನ? ಪೇಟೆಯಲ್ಲಿ ಮಾತ್ರ ಪುಸ್ತಕವಿರುವುದೆನ್ನುವವರು ಅಂಕೋಲೆಯ ಅಂಬಾರಕೊಡ್ಲವನ್ನು ನೆನೆಯಬೇಕು. ದಿವಂಗತ ವಿಷ್ಣು ನಾಯ್ಕರು ಆ ಹಳ್ಳಿಯಲ್ಲಿದ್ದುಕೊಂಡೇ ರಾಘವೇಂದ್ರ ಪ್ರಕಾಶನದ ಮೂಲಕ ಕನ್ನಡ ಪುಸ್ತಕಗಳನ್ನು ಹೊರತಂದರು.

ಕಣ್ಣು ಕಾಣುವುದಿಲ್ಲ, ಅಕ್ಷರ ಬಾರದು ಎನ್ನುವವರ ಮಾತೇನು? ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಇಲ್ಲಿ ನೆನೆಯಬೇಕು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಕಂಠದಲ್ಲಿ ತುಂಬಿಕೊಂಡಿದ್ದ ಆ ಹಿರಿಯ ಜೀವಕ್ಕೆ ೨೦೧೭ರಲ್ಲಿ ಪದ್ಮಶ್ರೀ ಗೌರವ ಸಂದಿತು. ೨೦೨೫ರಲ್ಲಿ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದವರಾದರೂ ಕೇಳಿ ಕಲಿತು, ಹಾಡಿ ಕಲಿಸಿದರು. ನಮ್ಮ ನಾಡಿನಲ್ಲಿ ಪುಸ್ತಕಕ್ಕಿಂತ ಮೊದಲು ಕಿವಿಯಿತ್ತು. ಮನೆಯಲ್ಲಿ ಒಬ್ಬರು ಓದಬಲ್ಲವರಿದ್ದರೆ ಉಳಿದವರೆಲ್ಲರೂ ಓದುಗರೇ. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ಕಾರವಾರದಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯಿಂದ ಇನ್ನೊಂದು ಲಾಭವೂ ಇದೆ. ಕನ್ನಡದ ಪುಸ್ತಕವನ್ನೋದಿ ಅದರ ಮೇಲೆ ಕೊಂಕಣಿಯಲ್ಲಿ ಮಾತನಾಡಿದರೆ ಎರಡು ಭಾಷೆಗಳಿಗೂ ಗೌರವ ಸಂದಿತು.

ರಾಯರ ಮನೆಯ ಸುದ್ದಿಯನ್ನು ಹೇಳಿ ಮುಗಿಸುತ್ತೇವೆ. ‘ಮರಳಿ ಮಣ್ಣಿಗೆ’ ಗೌರಿಹಬ್ಬದ ಹೊತ್ತಿಗೆ ಮುಗಿಯಿತು. ಆ ತಾಯಿ ಅದನ್ನು ನಮಗೆ ಹಿಂದಿರುಗಿಸಲಿಲ್ಲ. ಅವರಂತೆಯೇ ಊರು ಬಿಟ್ಟು ಬಂದು ಅಂಕೋಲೆಯ ಬಳಿ ನೆಲೆಸಿರುವ ತಮ್ಮ ತವರಿನ ನೆರೆಯವರೊಬ್ಬರಿಗೆ ಅದನ್ನು ಕಳುಹಿಸಿಕೊಟ್ಟರು. ನಮ್ಮ ಅಪ್ಪಣೆಯನ್ನು ಆಮೇಲೆ ಕೇಳಿದರು. ನಾವು ಸಂತೋಷದಿಂದ ಕೊಟ್ಟೆವು. ಮೊನ್ನೆ ರಾಯರು ಬಂದಿದ್ದಾಗ ಅದೂ ಇದೂ ಮಾತನಾಡಿ, ಹೊರಡುವ ಮುಂದೆ ಬಾಗಿಲಲ್ಲಿ ನಿಂತು, “ಆ ನಾಗಪ್ಪನ ಗತಿ ಕಡೆಗೆ ಏನಾಯಿತು?” ಎಂದು ಕೇಳಿದರು. ನಾವು ಹೇಳಲಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದು ಕೊಟ್ಟೆವು.

ವಾಚಕ ಮಹಾಶಯರೇ, ಬರುವ ಆಷಾಢದ ಮಳೆಗೆ ಮೊದಲು ನಿಮ್ಮ ಪರಿಚಯದ ಒಬ್ಬ ಹಿರಿಯರನ್ನು ನೆನೆಯಿರಿ. ಅವರಿಗೆ ಹೊಂದುವ ಒಂದು ಪುಸ್ತಕವನ್ನು ಆರಿಸಿರಿ. ಅಂಚೆಯಲ್ಲಿ ಕಳುಹಿಸಬೇಡಿರಿ, ನೀವೇ ಹೋಗಿ ಕೊಟ್ಟು, ಒಂದು ಗಳಿಗೆ ಕುಳಿತು ಬನ್ನಿರಿ.